ಆಯಿ ಕಿವಿಯಿಂದ ನೋಡಿದ ಸಿನಿಮಾಗಳು

ಒಂದು ಸಿನಿಮಾದ ಮೊದಲರ್ಧವನ್ನು ನಮ್ಮ ಮನೆಯಲ್ಲಿ ಕೇಳಿ, ಇನ್ನೊಂದು ಸಿನಿಮಾದ ಕೊನೆಯರ್ಧವನ್ನು ಹಿಂದಿನ ಓಣಿಯ ಮನೆಯಲ್ಲಿ ಕೇಳಿ, ಎರಡೂ ಸೇರಿ ಒಂದೇ ಸಿನಿಮಾ ಎಂದು ನಂಬಿದ್ದ ಹೆಂಗಸೊಬ್ಬಳನ್ನು ನಾನು ಬಲ್ಲೆ. ನೋಡಿ ಅಲ್ಲ, ಕೇಳಿ. ಅವಳ ಕಣ್ಣು ಟೀವಿಯ ಕಡೆ ಹೋಗುವ ಹಾಗೇ ಇರಲಿಲ್ಲ. ಕಣ್ಣು ಮಗ್ಗದ ಎಳೆಯ ಮೇಲೆ, ಕಿವಿ ಮಾತ್ರ ಮಕ್ಕಳ ಜೊತೆ. ಹೋದ ವಾರ ಗದ್ವಾಲದಿಂದ ಫೋನು ಬಂತು, ನಾವೆಲ್ಲ ಆಯಿ ಎನ್ನುತ್ತಿದ್ದ ಅವಳು ಹೋಗಿಬಿಟ್ಟಳಂತೆ. ನಾನು ಶಾಲೆಯ ಸ್ಟಾಫ್ ರೂಮಿನಲ್ಲಿ ಹಾಜರಿ ಪುಸ್ತಕ ಹಿಡಿದು ನಿಂತಿದ್ದವಳು ಅಲ್ಲೇ ಕುರ್ಚಿಯ ಮೇಲೆ ಕುಸಿದೆ. ಪಕ್ಕದ ಟೀಚರು, "ಯಾರ್ರೀ, ನಿಮ್ಮ ಸಂಬಂಧಿಕರಾ?" ಎಂದು ಕೇಳಿದರು. "ಅಲ್ರೀ, ನಮ್ಮ ಮನಿಗೆ ಹಾಸು ಜೋಡ್ಸಾಕ ಬರ್ತಿದ್ಲು" ಎಂದೆ. ಅಷ್ಟು ಹೇಳಿದರೆ ಏನೂ ಹೇಳಿದಂತಾಗುವುದಿಲ್ಲ ಎಂದು ಗೊತ್ತಿತ್ತು, ಆದರೂ ಅಷ್ಟೇ ಹೇಳಿದೆ.

ನಮ್ಮ ನಾರಾಯಣಪೇಟೆಯಲ್ಲಿ ಸೀರೆಯನ್ನು ಒಂದೊಂದಾಗಿ ಮಗ್ಗಕ್ಕೆ ಏರಿಸುವುದಿಲ್ಲ. ಎಂಟು ಸೀರೆಗೆ ಆಗುವಷ್ಟು ಉದ್ದದ ಎಳೆಗಳನ್ನು ಒಮ್ಮೆಲೇ ಏರಿಸುತ್ತಾರೆ. ಅದೇ ಹಾಸು. ಎಂಟೂ ನೇಯ್ದು ಮುಗಿದ ಮೇಲೆ ಹಳೆಯ ಎಳೆಗಳ ತುದಿ ಮಗ್ಗದಲ್ಲೇ ಉಳಿದಿರುತ್ತದೆ. ಆ ಒಂದೊಂದು ತುದಿಗೂ ಹೊಸ ಹಾಸಿನ ಒಂದೊಂದು ಎಳೆಯನ್ನು ಬೆರಳಿನಲ್ಲಿ ಹೊಸೆದು ಕೂಡಿಸಬೇಕು. ಸಾವಿರಾರು ಎಳೆ, ಒಂದೂ ತಪ್ಪಬಾರದು. ಆಯಿಯ ಕೆಲಸ ಅದು. ಬೆರಳು ಜಾರದಂತೆ ಪಕ್ಕದಲ್ಲಿ ಒಂದು ಬಟ್ಟಲು ಬೂದಿ. ಒಂದು ಕಾಲು ಮಡಚಿ, ಒಂದು ಕಾಲು ಚಾಚಿ, ಮುರಿದ ಕನ್ನಡಕಕ್ಕೆ ದಾರ ಕಟ್ಟಿ ಕಿವಿಗೆ ಸುತ್ತಿಕೊಂಡು ಕೂತಳೆಂದರೆ ಎಡಗೈ ಹಳೆಯದನ್ನು ಹಿಡಿಯುತ್ತಿತ್ತು, ಬಲಗೈ ಹೊಸದನ್ನು. ನಡುವೆ ಚಹಾ ಕೊಟ್ಟರೆ ಮುಟ್ಟುತ್ತಿರಲಿಲ್ಲ. "ಅಲ್ಲಿಡು ಟೀಚರಮ್ಮ, ಈ ಮುಷ್ಟಿ ಎಳಿ ಮುಗೀಲಿ" ಎನ್ನುವಳು. ಮುಗಿಯುವ ಹೊತ್ತಿಗೆ ಚಹಾದ ಮೇಲೆ ಕೆನೆ ಕಟ್ಟಿರುತ್ತಿತ್ತು, ನಾನು ಗೊಣಗುತ್ತಾ ಬೇರೆ ಮಾಡಿಕೊಡುತ್ತಿದ್ದೆ.

ಬೇಸಿಗೆ ರಜೆ ಬಂದರೆ ಮಗ್ಗದ ಮನೆಗಳಲ್ಲಿ ಮಕ್ಕಳನ್ನು ಟೀವಿಯ ಮುಂದೆ ಕೂರಿಸುವುದು ಬಿಟ್ಟು ಬೇರೆ ದಾರಿಯಿಲ್ಲ. ಹೊರಗೆ ಕಾಲಿಡಲಾಗದ ಬಿಸಿಲು. ಒಳಗೆ ಓಡಾಡಿದರೆ ಎಳೆಗೆ ಕಾಲು ತಾಗಿ ಗಂಡಸರ ಕೂಗಾಟ. ಹಾಗಾಗಿ ಓಣಿಯ ಎಲ್ಲ ಮನೆಗಳಲ್ಲೂ ದಿನವಿಡೀ ಮಕ್ಕಳ ಸಿನಿಮಾ, ತೆಲುಗಿಗೆ ಡಬ್ ಆದವು, ಎಲ್ಲಿಯದೋ ಹಿಮದ ದೇಶದವು. ರಜೆಯಲ್ಲಿ ಕಳೆದುಹೋದ ಮಗು, ರಜೆಯಲ್ಲಿ ಅಜ್ಜನ ಊರಿಗೆ ಹೋದ ಮಗು, ರಜೆಯಲ್ಲಿ ನಾಯಿಮರಿ ಸಾಕಿದ ಮಗು. ಆಯಿ ಬೆಳಿಗ್ಗೆ ಒಂದು ಮನೆ, ಊಟವಾದ ಮೇಲೆ ಇನ್ನೊಂದು ಮನೆ ಹಿಡಿಯುತ್ತಿದ್ದಳು. ಸಿನಿಮಾ ಮುಗಿಯುವ ತನಕ ಕೂಡಲು ಅವಳಿಗೆ ಎಲ್ಲಿಯ ಪುರುಸೊತ್ತು?

ಒಂದು ದಿನ ಬಂದವಳೇ ನನ್ನ ಮಗಳು ಶ್ರೀಜಾಳನ್ನು ಕರೆದಳು. "ನಿನ್ನಿ ಅರ್ಧಕ್ಕ ಬಿಟ್ಟು ಹೋದ್ನಲ್ಲವ್ವಾ, ಆ ಮರಿ ಸಿಕ್ತು ನೋಡು. ಹಿಂದಿನ ಓಣ್ಯಾಗ ಉಳಿದದ್ದು ಕೇಳಿದೆ. ದೋಣ್ಯಾಗ ಇತ್ತಂತ."

ಶ್ರೀಜಾ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಆಯೀ, ನಮ್ಮದ್ರಾಗ ಕಳೆದದ್ದು ನಾಯಿಮರಿ. ದೋಣ್ಯಾಗ ಇದ್ದದ್ದು ಪೆಂಗ್ವಿನ್ ಮರಿ. ಅದು ಬ್ಯಾರೆ ಸಿನಿಮಾ!"

"ಅದೇನದು ಪೆಂಗ್ವಿನ್ನು?"

"ಹಕ್ಕಿ. ಆದ್ರ ಹಾರಂಗಿಲ್ಲ."

"ಹಾರಂಗಿಲ್ಲಂದ್ರ ಕೋಳಿ ಅನ್ನು." ಆಯಿ ಎಳೆ ಹಿಡಿದ ಕೈಯನ್ನು ಒಂದು ಗಳಿಗೆ ನಿಲ್ಲಿಸಿ ಯೋಚಿಸಿದಳು. "ಯಾವುದಾದ್ರೇನವ್ವಾ? ಇಲ್ಲಿ ಕಳೀತು, ಅಲ್ಲಿ ಸಿಕ್ತು. ಇಲ್ಲಿ ಅದರ ಅವ್ವ ಅತ್ಲು, ಅಲ್ಲಿ ನಕ್ಳು. ನನಗೇನು ಸಂದು ಕಾಣ್ಲಿಲ್ಲಪ್ಪ."

ಅವತ್ತಿನಿಂದ ಆಯಿಗೆ ಇದೇ ಹುಚ್ಚು ಹಿಡಿಯಿತು. ಒಂದು ಮನೆಯ ಸಿನಿಮಾವನ್ನು ಇನ್ನೊಂದು ಮನೆಯದರ ಜೊತೆ ಹಿಡಿದು ನೋಡುವುದು. ಮಗು ಏನಾದರೂ ಹೇಳಲು ಬಂದಾಗಲೇ ಅಪ್ಪನ ಫೋನು ರಿಂಗಾಗುತ್ತದಲ್ಲ, ಗಮನಿಸಿದ್ದೀಯಾ ಟೀಚರಮ್ಮ? ಎನ್ನುವಳು. ಮಕ್ಕಳೆಲ್ಲ ಹೆದರುವ ಮನೆಯೊಂದು ಇರಲೇಬೇಕು, ಅದರೊಳಗೆ ಒಬ್ಬ ಮುದುಕ ಇರಲೇಬೇಕು, ಅವನು ಮೊದಲು ಬೈದು ಆಮೇಲೆ ತಿನ್ನಲು ಕೊಡಬೇಕು. ಕೂಸು ಹೊಸ್ತಿಲು ದಾಟಿತೋ ಇಲ್ಲವೋ, ಅವತ್ತೇ ಹಿಮ ಬೀಳಬೇಕು. ಈ ಹಿಮ ಎಂದರೇನೆಂದು ಒಮ್ಮೆ ಶ್ರೀಜಾ ಅವಳ ಗದ್ದ ಹಿಡಿದು ಟೀವಿಯ ಕಡೆ ತಿರುಗಿಸಿ ತೋರಿಸಿದಳು. "ಯಪ್ಪಾ ಶಿವನೇ, ಇಷ್ಟು ಹತ್ತಿ ಹಿಂಜಿ ಯಾರು ಚೆಲ್ಯಾರ!" ಎಂದು ಬಾಯಿ ಮೇಲೆ ಕೈ ಇಟ್ಟುಕೊಂಡಳು. ಓಣಿಯ ಮಕ್ಕಳು ಹುಣಸೆ ಬೀಜ ಪಣಕ್ಕಿಟ್ಟು ಅವಳನ್ನು ಪರೀಕ್ಷೆ ಮಾಡುತ್ತಿದ್ದರು. ಹತ್ತು ನಿಮಿಷ ಕೇಳಿಸಿ ಟೀವಿ ಬಂದ್ ಮಾಡುವುದು, ಆಯಿ ಮುಂದಿನದನ್ನು ಹೇಳುವುದು. ಸೋತದ್ದು ನನಗೆ ನೆನಪಿಲ್ಲ. ಅವಳ ಸೆರಗಿನ ಗಂಟಿನಲ್ಲಿ ಬೀಜ ಕಟಕಟ ಎನ್ನುತ್ತಿದ್ದವು.

ನಾನು ಟೀಚರು. ತಿದ್ದುವುದು ನನ್ನ ಚಟ. "ಬ್ಯಾರೆ ಬ್ಯಾರೆ ದೇಶದವ್ರು ಮಾಡಿದ್ದು ಆಯಿ, ಒಂದಕ್ಕೊಂದು ಸಂಬಂಧಿಲ್ರಿ" ಎಂದರೆ, "ಅಂಚು ಬ್ಯಾರೆ, ಬಣ್ಣ ಬ್ಯಾರೆ. ಹಾಸು ಒಂದೇ" ಎಂದು ನನ್ನನ್ನೇ ಸುಮ್ಮನಾಗಿಸುತ್ತಿದ್ದಳು.

ಶ್ರೀಜಾಗೆ ಒಂಬತ್ತು ತುಂಬಿದ ವರ್ಷ ರಜೆಗೆ ಮುಂಚೆ ಶಾಲೆಗೆ ಆರೋಗ್ಯ ತಪಾಸಣೆಗೆ ಬಂದ ಡಾಕ್ಟರು ಎಲ್ಲ ಮಕ್ಕಳ ಎದೆಗೆ ಒಂದೊಂದು ಸಲ ಸ್ಟೆತಾಸ್ಕೋಪ್ ಇಟ್ಟರು, ನನ್ನ ಮಗಳ ಎದೆಗೆ ಮೂರು ಸಲ ಇಟ್ಟರು. ಆಮೇಲೆ ಮಹಬೂಬನಗರ, ಅಲ್ಲಿಂದ ಹೈದರಾಬಾದು. ಹುಟ್ಟಿದಾಗಿನಿಂದ ಹೃದಯದಲ್ಲಿ ತೂತಿದೆ ಎಂದರು. ಓಡಿದರೆ ಏದುಸಿರು ಬರುತ್ತಿದ್ದುದು, ಮೈ ಹತ್ತದೇ ಇದ್ದುದು, ತಿಂಗಳಿಗೊಮ್ಮೆ ಬರುವ ಕೆಮ್ಮು, ಎಲ್ಲಕ್ಕೂ ಅದೇ ಕಾರಣ. ಒಂಬತ್ತು ವರ್ಷ ನಾನು ಅವಳಿಗೆ "ಸರಿಯಾಗಿ ಉಣ್ಣಂಗಿಲ್ಲ, ಅದಕ್ಕ ಹಿಂಗ" ಎಂದು ಬೈದಿದ್ದೆ. ಎದೆ ತೆರೆದು ಆಪರೇಷನ್ ಮಾಡಬೇಕು, ಮೇ ಕೊನೆಗೆ ಬನ್ನಿ ಎಂದರು. ನಾನು, ನನ್ನ ಗಂಡ ಬಸ್ಸಿನಲ್ಲೇ ತೀರ್ಮಾನ ಮಾಡಿದೆವು: ಮಗಳಿಗೆ ಹೇಳುವುದು ಬೇಡ. ಹೆದರಿ ಅವಳಿಗೆ ಏನಾದರೂ ಆದರೆ? ರಜೆಗೆ ಹೈದರಾಬಾದಿನ ಝೂ ನೋಡಲು ಹೋಗುತ್ತಿದ್ದೇವೆ ಎಂದು ಹೇಳಿದೆವು. ಆನೆ ಇರುತ್ತದಾ ಎಂದಳು. ಇರುತ್ತದೆ ಎಂದೆ.

ಆ ತಿಂಗಳು ನಾನು ಹೇಗಿದ್ದೆನೋ ನನಗೇ ಗೊತ್ತಿಲ್ಲ. ಮಗಳು ಮೆಟ್ಟಿಲು ಹತ್ತಿದರೆ ಎಣಿಸುತ್ತಿದ್ದೆ. ಉಗುರು ನೀಲಿಯಾಗಿದೆಯಾ ಎಂದು ಕೈ ಹಿಡಿದು ನೋಡಿ, ಅನುಮಾನ ಬಾರದಿರಲೆಂದು ಉಗುರು ಕತ್ತರಿಸುತ್ತಿದ್ದೆ. ಕತ್ತರಿಸಲು ಉಗುರೇ ಇರಲಿಲ್ಲ. ಶಾಲೆಯಲ್ಲಿ ಪರೀಕ್ಷೆಯ ಉತ್ತರ ಪತ್ರಿಕೆ ತಿದ್ದುವಾಗ ಎಲ್ಲೋ ಒಂದು ಮಗು ಕೆಮ್ಮಿದರೂ ಪೆನ್ನು ಬಿಟ್ಟು ಎದ್ದು ನೋಡುತ್ತಿದ್ದೆ. ಮನೆಗೆ ಬಂದರೆ ಅಡುಗೆಮನೆಯ ಬಾಗಿಲು ಮುಂದೆ ಮಾಡಿಕೊಂಡು ನಾನು, ಗಂಡ ಪಿಸುಗುಟ್ಟುವುದು. ಹೊರಗೆ ಬರುವಾಗ ಮುಖಕ್ಕೆ ನೀರು ಹಾಕಿಕೊಂಡು ನಗುವುದು. ಇಂಥ ನಗು ನಕ್ಕೂ ನಕ್ಕೂ ದವಡೆ ನೋಯುತ್ತಿತ್ತು.

ಹೊರಡುವ ಮುಂಚೆ ಹೊಸ ಹಾಸು ಏರಿಸಿ ಹೋಗಬೇಕೆಂದು ಗಂಡ ಆಯಿಯನ್ನು ಕರೆದ. ಕಾರಣವನ್ನೂ ಹೇಳಿದ್ದ. ಬಂದ ಮೊದಲ ದಿನ ಅವಳು ಏನೂ ಮಾತಾಡಲಿಲ್ಲ. ಎರಡನೆಯ ದಿನ ಶ್ರೀಜಾ ಸ್ನಾನಕ್ಕೆ ಹೋದದ್ದು ನೋಡಿ ನನ್ನನ್ನು ಹತ್ತಿರ ಕರೆದಳು.

"ಟೀಚರಮ್ಮ, ಒಂದು ಮಾತು. ಆ ಸಿನಿಮಾಗಳಾಗ ಹಿರ್ಯಾರು ಕೂಸಿನ ಮುಂದ ಏನರ ಒಂದು ಮುಚ್ಚಿಟ್ಟಿರ್ತಾರ. ಊರು ಬಿಡೋದಿರ್ಲಿ, ನಾಯಿ ಮಾರೋದಿರ್ಲಿ. ಕೂಸು ಬಾಗಿಲ ಹಿಂದ ನಿಂತು ಕೇಳ್ತೈತಿ. ಕೇಳೋದು ಅರ್ಧ. ಆ ಅರ್ಧ ಕಟಗೊಂಡು ಮನಿ ಬಿಟ್ಟು ಹೊಂಟು ಬಿಡ್ತೈತಿ. ಇದೊಂದು ಬಿಟ್ಟಿದ್ದು ನಾ ಇನ್ನೂ ಕೇಳಿಲ್ಲ."

"ಅಂದ್ರ?"

"ಹೇಳ್ಬಿಡವ್ವಾ ಆಕಿಗೆ. ಪೂರಾ ಹೇಳು."

ನನಗೆ ರೇಗಿತು. "ಸಿನಿಮಾ ಮಾತು ಬಿಡ್ರಿ ಆಯಿ. ಇದು ನನ್ನ ಮಗಳ ಜೀವದ ಮಾತೈತಿ."

"ಅದಕ್ಕ ಹೇಳಾಕತ್ತೀನಿ" ಎಂದು ಬೂದಿಗೆ ಬೆರಳದ್ದಿದಳು.

ಬಾಯಲ್ಲಿ ಬೈದೆ, ಒಳಗೆ ಹುಳ ಕೊರೆಯಲು ಶುರುವಾಯಿತು. ಮಗಳು ನಿಜವಾಗಿ ಏನಾದರೂ ಕೇಳಿಸಿಕೊಂಡು ಹೊರಟುಹೋದರೆ? ಬಸ್ ಸ್ಟ್ಯಾಂಡು ನಮ್ಮ ಮನೆಯಿಂದ ಎಷ್ಟು ದೂರ? ಮಖ್ತಲ್ ಬಸ್ಸು ಅರ್ಧ ಗಂಟೆಗೊಂದು. ಈ ಬಿಸಿಲಿನಲ್ಲಿ, ಆ ಎದೆ ಇಟ್ಟುಕೊಂಡು? ಸಿನಿಮಾ ಮಕ್ಕಳೆಲ್ಲ ಬ್ಯಾಗು ತುಂಬಿಕೊಂಡೇ ಹೋಗುವುದು ಎಂದು ಹೊಳೆದು, ಮಗಳ ಶಾಲೆಯ ಬ್ಯಾಗನ್ನು ಎತ್ತಿ ಅಟ್ಟದ ಮೇಲೆ ಹಿತ್ತಾಳೆ ಹಂಡೆಯೊಳಗೆ ಬಚ್ಚಿಟ್ಟೆ. ಎಂಎ, ಬಿಎಡ್ ಮಾಡಿದವಳು ನಾನು! ಸಂಜೆ ಶ್ರೀಜಾ, "ಅವ್ವಾ, ನನ್ನ ಬ್ಯಾಗು ಕಂಡಿ?" ಎಂದಳು. "ಯಾಕ? ಯಾಕ ಬೇಕು ಬ್ಯಾಗು? ಎಲ್ಲಿಗೆ ಹೊಂಟಿ?" ಎಂದು ಚೀರಿದೆ. ಅವಳು ಬೆಪ್ಪಾಗಿ ನಿಂತಳು. "ಬಣ್ಣದ ಪೆನ್ಸಿಲ್ ಅದರಾಗ ಅದಾವವ್ವಾ" ಎಂದಳು.

ಮರುದಿನ ಗಂಡ ಮಖ್ತಲಕ್ಕೆ ಹೋಗಿದ್ದ. ಹೊರಗಿನ ಪಡಸಾಲೆಯಲ್ಲಿ ಆಯಿ ಅರ್ಧ ಹಾಸು ಮುಗಿಸಿದ್ದಳು. ಪಕ್ಕದಲ್ಲಿ ಶ್ರೀಜಾ ಬೋರಲಾಗಿ ಮಲಗಿ ಸಿನಿಮಾ ನೋಡುತ್ತಿದ್ದಳು. ನಾನು ಅಡುಗೆಮನೆಯಲ್ಲಿ ಜೋಳದ ರೊಟ್ಟಿ ಬಡಿಯುತ್ತಿದ್ದೆ. ಟೀವಿಯ ಸದ್ದು ಯಾಕೋ ಸಣ್ಣಗಾಯಿತು. ನನ್ನ ಕೈಯೂ ನಿಂತಿತು. ಬಾಗಿಲ ಮರೆಗೆ ಹೋದೆ.

"ಆಯಿ, ಹೈದರಾಬಾದಿನ್ಯಾಗ ನನ್ನ ಎದಿ ಕೊಯ್ತಾರಂತ. ನಾ ಸತ್ತು ಹೋಗ್ತೀನಾ?"

ಇಲ್ಲ ಅನ್ನು, ಇಲ್ಲ ಅನ್ನು, ಮುದುಕಿ, ಇಲ್ಲ ಅನ್ನು ಎಂದು ಮನಸ್ಸಿನಲ್ಲೇ ಕೂಗಿಕೊಂಡೆ.

"ಹಂಗೂ ಆಗಬಹುದವ್ವಾ..." ಎಂದಳು ಆಯಿ.

ಆಮೇಲೆ ನಾನು ಏನನ್ನೂ ಕೇಳಿಸಿಕೊಳ್ಳಲಿಲ್ಲ. ಹಿಟ್ಟಿನ ಕೈಯಲ್ಲೇ ನುಗ್ಗಿದೆ. ಅದುವರೆಗೆ ಅವಳ ಹತ್ತಿರ ಒಂದು ದಿನವೂ ನೀನು ಎಂದವಳಲ್ಲ ನಾನು. "ಏಳು! ಏಳ್ ಮೊದಲು ಇಲ್ಲಿಂದ! ನನ್ನ ಕೂಸಿನ ಮುಂದ ಇಂಥ ಮಾತು ಆಡ್ತಿ? ಒಂದು ಹಡದಿದ್ರ ಗೊತ್ತಾಗ್ತಿತ್ತು ನಿನಗ!" ಎಂದೆ. ಹೌದು, ಹಾಗೇ ಎಂದೆ. ಆಯಿಗೆ ಮಕ್ಕಳಿರಲಿಲ್ಲ. ಓಣಿಯಲ್ಲಿ ಎಲ್ಲರಿಗೂ ಗೊತ್ತಿದ್ದು, ಯಾರೂ ಬಾಯಿಂದ ಆಡದ ಮಾತು ಅದು.

ಆಯಿ ಕೈಯಲ್ಲಿದ್ದ ಎಳೆಯನ್ನು ಹೊಸೆದು ಮುಗಿಸಿದಳು, ಬೂದಿ ಝಾಡಿಸಿಕೊಂಡಳು, ಕನ್ನಡಕದ ದಾರ ಬಿಚ್ಚಿದಳು, ಎದ್ದು ಹೋದಳು. ಶ್ರೀಜಾ ಅಳಲಿಲ್ಲ. ಟೀವಿ ಬಂದ್ ಮಾಡಿ ನನ್ನನ್ನೇ ನೋಡಿದಳು. ಆಗಲಾದರೂ ನಾನು ಅವಳನ್ನು ಮಡಿಲಿಗೆ ಎಳೆದುಕೊಂಡು ಎಲ್ಲ ಹೇಳಬೇಕಿತ್ತು. ನಾನು ಹೇಳಿದ್ದೇನು ಗೊತ್ತೇ? "ಆಯಿಗೆ ತಲಿ ಕೆಟ್ಟೈತಿ. ನಾವು ಝೂ ನೋಡಾಕ ಹೊಂಟೀವಿ." ಮಗಳು ತಲೆಯಾಡಿಸಿದಳು. ರೊಟ್ಟಿ ಹಂಚಿನ ಮೇಲೆ ಸುಟ್ಟು ಕರಕಾಗಿತ್ತು.

ಒಬ್ಬರು ಕೈ ಹಚ್ಚಿದ ಹಾಸನ್ನು ಇನ್ನೊಬ್ಬರು ಮುಟ್ಟುವುದಿಲ್ಲ. ಎರಡು ಕೈಯ ಹೊಸೆತ ಎರಡು ಥರ, ನೇಯುವಾಗ ನಡುವೆ ಕಡಿಯುತ್ತದೆ ಎನ್ನುತ್ತಾರೆ. ಅದಕ್ಕಿಂತ ಹೆಚ್ಚಾಗಿ, ಅದು ಅವರ ಮರ್ಯಾದೆ. ಗಂಡ ಹಾಸು ಜೋಡಿಸುವ ಇನ್ನಿಬ್ಬರು ಹೆಂಗಸರ ಮನೆಗೆ ಹೋಗಿ ಕೇಳಿದ. "ಆಯಿ ಮುಟ್ಟಿದ್ದು ನಾವು ಮುಟ್ಟಂಗಿಲ್ಲಣ್ಣಾ" ಎಂದರು. ಆಯಿಯ ಮನೆಗೆ ಹೋದರೆ ಬೀಗ. ಗದ್ವಾಲದಲ್ಲಿ ತಂಗಿಯ ಮಗನ ಮನೆಗೆ ಹೋಗಿದ್ದಾಳೆಂದು ಪಕ್ಕದವರು ಹೇಳಿದರು. ಪಡಸಾಲೆಯಲ್ಲಿ ಅರ್ಧ ಕೂಡಿದ, ಅರ್ಧ ಜೋತಾಡುವ ಹಾಸಿನ ಪಕ್ಕ ನಡೆಯುವಾಗೆಲ್ಲ ನಾನು ಮುಖ ಆಚೆ ತಿರುಗಿಸುತ್ತಿದ್ದೆ. ಹೊರಡಲು ಎಂಟು ದಿನ ಉಳಿದಿತ್ತು. ಆ ಎಂಟು ದಿನವೂ ಮಗಳು ಝೂ ಬಗ್ಗೆ ಕೇಳಿದಳು, ನಾನು ಹೇಳಿದೆ. ಹುಲಿ ಇದೆಯಾ? ಇದೆ. ಜಿರಾಫೆ? ಅದೂ ಇದೆ. ಅವಳಿಗೆ ಗೊತ್ತಿದೆ ಎಂದು ನನಗೆ ಗೊತ್ತಿತ್ತು. ನನಗೆ ಗೊತ್ತಿದೆ ಎಂದು ಅವಳಿಗೂ ಗೊತ್ತಿತ್ತು. ಇಬ್ಬರೂ ಸೇರಿ ಇಲ್ಲದ ಜಿರಾಫೆಗೆ ಮೇವು ಹಾಕುತ್ತಾ ಕೂತಿದ್ದೆವು.

ಆಪರೇಷನ್ ದಿನ ಬೆಳಿಗ್ಗೆ ಮಗಳಿಗೆ ಹಸಿರು ಅಂಗಿ ತೊಡಿಸಿದರು. ಅದು ಅವಳಿಗೆ ಎಷ್ಟು ದೊಡ್ಡದಿತ್ತೆಂದರೆ ಎರಡು ಸಲ ಸುತ್ತಿ ಕಟ್ಟಿದರು. ಇನ್ನು ಅರ್ಧ ಗಂಟೆಗೆ ಕರೆದೊಯ್ಯುತ್ತೇವೆ ಎಂದು ನರ್ಸು ಹೇಳಿ ಹೋದಳು. ಗಂಡ ಕಾಗದಕ್ಕೆ ಸಹಿ ಹಾಕಲು ಹೋಗಿದ್ದ. ನಾನು ಮಂಚದ ಅಂಚಿಗೆ ಕೂತು, "ಶ್ರೀಜಾ, ನೋಡವ್ವಾ, ಝೂ..." ಎಂದು ಬಾಯಿ ತೆರೆದೆ. ಅತ್ತರೆ ಮಗು ಹೆದರುತ್ತದೆ ಎಂದು ಸೆರಗನ್ನು ಬಾಯಿಗೆ ತುರುಕಿಕೊಂಡೆ.

"ಅವ್ವಾ, ನನಗ ಗೊತ್ತೈತಿ" ಎಂದಳು ಮಗಳು.

ನಾನು ಅವಳ ಮುಖ ನೋಡಿದೆ.

"ಅವತ್ತು ಆಯಿ ಪೂರಾ ಹೇಳಿದ್ಲು. ನೀ ಕೇಳಿಸ್ಕೊಳ್ಲಿಲ್ಲ. ಹಂಗೂ ಆಗಬಹುದು, ಆದ್ರ ಡಾಕ್ಟರು ದಿನಾ ಇದೇ ಕೆಲಸ ಮಾಡ್ತಾರ, ಅವರ ಕೈ ಪಳಗೈತಿ ಅಂದ್ಲು. ನಿಮ್ಮವ್ವಗ ನಿನಗಿಂತ ಹೆಚ್ಚು ಅಂಜಿಕಿ ಐತಿ, ಆಕಿ ಮೊದಲು ಅತ್ತು ಮುಗಿಸ್ಲಿ, ನೀ ಕಾಯಿ ಅಂದ್ಲು. ಅದಕ್ಕ ಕಾಯಾಕತ್ತೀನಿ." ನನ್ನ ಬಾಯಿಂದ ಸೆರಗನ್ನು ಎಳೆದಳು. "ಅತ್ತುಬಿಡವ್ವಾ. ಇನ್ನೂ ಟೈಮ್ ಐತಿ."

ಅತ್ತೆ. ಆ ಆಸ್ಪತ್ರೆಯ ವಾರ್ಡಿನಲ್ಲಿ, ಆಚೀಚೆ ಮಂಚದವರೆಲ್ಲ ನೋಡುತ್ತಿರುವಂತೆ, ಒಂಬತ್ತು ವರ್ಷದ ಕೂಸಿನ ಮಡಿಲಲ್ಲಿ ತಲೆಯಿಟ್ಟು ಬೋರೆಂದು ಅತ್ತೆ. ಅವಳು ನನ್ನ ತಲೆಯ ಮೇಲೆ ಕೈ ಇಟ್ಟುಕೊಂಡು ಕೂತಿದ್ದಳು. ಆಮೇಲೆ ನಾನು ಎಲ್ಲವನ್ನೂ ಹೇಳಿದೆ, ತೂತು ಎಲ್ಲಿದೆ, ಹೇಗೆ ಮುಚ್ಚುತ್ತಾರೆ, ಎದ್ದ ಮೇಲೆ ಎಷ್ಟು ನೋಯುತ್ತದೆ, ಎಲ್ಲ. ಅವಳು ಒಂದೇ ಒಂದು ಪ್ರಶ್ನೆ ಕೇಳಿದಳು, ಎದ್ದಾಗ ನೀನು ಎದುರಿಗೆ ಇರುತ್ತೀಯಾ ಎಂದು. ಇರುತ್ತೇನೆ ಎಂದೆ. ಗಾಲಿಮಂಚ ಬಂತು. ಐದು ತಾಸು ನಾನು, ಗಂಡ ಆ ಬಾಗಿಲ ಮುಂದೆ ಕೂತಿದ್ದೆವು. ಬಾಗಿಲು ತೆರೆದಾಗೆಲ್ಲ ಇಬ್ಬರೂ ಎದ್ದು ನಿಲ್ಲುತ್ತಿದ್ದೆವು, ಬೇರೆಯವರ ಹೆಸರು ಕರೆದಾಗ ಮತ್ತೆ ಕೂರುತ್ತಿದ್ದೆವು. ಕೊನೆಗೆ ನಮ್ಮ ಹೆಸರನ್ನೂ ಕರೆದರು. ಎಲ್ಲ ಸರಿಹೋಯಿತು ಎಂದರು ಡಾಕ್ಟರು. ಗಂಡ ಅವರ ಕೈ ಹಿಡಿದುಕೊಂಡವನು ಬಿಡಲೇ ಇಲ್ಲ.

ಊರಿಗೆ ಬಂದ ಮೇಲೆ ಸಿಕ್ಕವರಿಗೆಲ್ಲ ನಾನು ಆಯಿಯ ಮಾತು ಹೇಳಿದ್ದೇ ಹೇಳಿದ್ದು. ಎಂಥ ಮಾತು ಹೇಳಿಕೊಟ್ಟಿದ್ದಾಳೆ ನೋಡಿ ಆ ತಾಯಿ, ನಾನು ಪಾಪಿ, ಅಂಥವಳನ್ನು ಬೈದು ಓಡಿಸಿದೆ ಎನ್ನುತ್ತಿದ್ದೆ. ಆದರೆ ಅವಳ ಮುಂದೆ ಹೋಗಿ ನಿಲ್ಲುವ ಧೈರ್ಯ ಮಾತ್ರ ಬರಲಿಲ್ಲ. ಇವತ್ತು ನಾಳೆ ಎಂದು ದೂಡಿದೆ. ಜೂನ್ ಹೋಯಿತು, ಪಂಚಮಿ ಹೋಯಿತು. ಆಯಿಯೇ ಯಾರದೋ ಕೈಯಲ್ಲಿ ಹೇಳಿ ಕಳಿಸಿದಳು, ಕಣ್ಣು ಮಂಜಾಗಿದೆ, ನನ್ನಿಂದ ಇನ್ನು ಆಗುವುದಿಲ್ಲ, ಆ ಹಾಸನ್ನು ಬೇರೆಯವರು ಮುಟ್ಟಲಿ, ನನ್ನ ಒಪ್ಪಿಗೆ ಇದೆ ಎಂದು. ಇನ್ನೊಬ್ಬಳು ಬಂದು ಮುಗಿಸಿದಳು. ಆ ಎಂಟು ಸೀರೆಯೂ ಒಂದೆಳೆ ಕಡಿಯದೆ ಇಳಿದವು. ಅದಾದ ಮೇಲೆ ನನಗೆ ಮನೆಯಲ್ಲಿ ಕೂಡಲಾಗಲಿಲ್ಲ.

ದಸರೆ ರಜೆಯಲ್ಲಿ ಶ್ರೀಜಾಳನ್ನು ಕರೆದುಕೊಂಡು ಗದ್ವಾಲಕ್ಕೆ ಹೊರಟೆ. ಮಖ್ತಲದಲ್ಲಿ ಬಸ್ಸು ಬದಲಿಸುವಾಗ ಇನ್ನೇನು ವಾಪಸ್ ಹೋಗೋಣ ಎನ್ನುವಷ್ಟು ಅಂಜಿಕೆ. ಏನು ಹೇಳಲಿ? ಎಲ್ಲಿಂದ ಶುರು ಮಾಡಲಿ? ಮುಖ ತಿರುಗಿಸಿಬಿಟ್ಟರೆ? ಅದೇ ನಮ್ಮ ಕೊನೆಯ ಭೇಟಿ ಎಂದು ಗೊತ್ತಿದ್ದರೆ ಇನ್ನಷ್ಟು ಹೊತ್ತು ಕೂತಿರುತ್ತಿದ್ದೆ.

ಗದ್ವಾಲದ ಕೋಟೆಯ ಹಿಂದಿನ ಗಲ್ಲಿಯಲ್ಲಿ ಮನೆ. ಆಯಿ ಕಟ್ಟೆಯ ಮೇಲೆ ಕೂತಿದ್ದಳು. ಬೆರಳ ತುದಿಯ ಬೂದಿ ಬಣ್ಣ ಹೋಗಿ ಕೈ ಬೇರೆ ಯಾರದೋ ಕೈಯಂತೆ ಕಾಣುತ್ತಿತ್ತು. ದನಿ ಕೇಳಿಯೇ ಗುರುತಿಸಿದಳು. ಶ್ರೀಜಾಳನ್ನು ಎಳೆದು ಎದುರಿಗೆ ಕೂರಿಸಿಕೊಂಡು, ಮೊದಲಿಂದ ಹೇಳು, ಒಂದೂ ಬಿಡಬೇಡ ಎಂದಳು. ಮಗಳು ಹೇಳುತ್ತಾ ಹೋದಳು. ಎಚ್ಚರಾದಾಗ ಅವ್ವ ಎದುರಿಗಿದ್ದಳು, ಅಪ್ಪ ಅಳುತ್ತಿದ್ದ ಎಂದು ಹೇಳಿ ನಿಲ್ಲಿಸಿದಳು.

"ಮುಂದ?" ಎಂದಳು ಆಯಿ. "ಮರುದಿನ?"

"ಮರುದಿನ ಇಡ್ಲಿ ಕೊಟ್ರು. ಉಪ್ಪೇ ಇದ್ದಿಲ್ಲ. ನಾ ಉಗುಳಿದೆ."

ಆಯಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. "ಅಪ್ಪಿಕೊಂಡ ಕೂಡ್ಲೇ ಮುಗಿಸಿಬಿಡ್ತಾರವ್ವಾ ಆ ಸಿನಿಮಾದವ್ರು. ಮರುದಿನ ಏನ್ ತಿಂದ್ರು ಅಂತ ಒಬ್ರರ ತೋರ್ಸ್ಯಾರಾ?"

ಶ್ರೀಜಾ ಆ ಮನೆಯ ಮಕ್ಕಳ ಜೊತೆ ಒಳಗೆ ಹೋದಳು. ನಾನು ಆಯಿಯ ಕಾಲು ಹಿಡಿದೆ. "ತಪ್ಪಾತ್ರಿ ಆಯಿ. ಆ ಮಾತು ನಾ ಅನ್ನಬಾರದಿತ್ತು. ನನ್ನ ನಾಲಗಿಗೆ ಹುಳ ಬೀಳ್ಲಿ."

"ಬಿಡವ್ವಾ" ಎಂದು ಕಾಲು ಹಿಂದೆಳೆದುಕೊಂಡಳು. "ಆ ಮಾತು ಕೇಳಿ ನನ್ನ ಕಿವಿ ತೂತು ಬಿದ್ದಾವ. ಹೊಸದಲ್ಲ."

"ಅಷ್ಟಾದ್ರೂ ನೀವು ನನ್ನ ಕೂಸಿಗೆ ಎಂಥ ಮಾತು ಹೇಳಿ ಕಳಿಸಿದ್ರಿ! ಅವ್ವ ಮೊದಲು ಅಳ್ಲಿ, ನೀ ಕಾಯಿ ಅಂತ. ಆ ಒಂದು ಮಾತು ಇರ್ಲಿಲ್ಲಂದ್ರ ನಾ ಅವತ್ತು..."

"ಯಾವ ಮಾತು?"

ನಾನು ಮತ್ತೆ ಹೇಳಿದೆ. ಡಾಕ್ಟರರ ಕೈ ಪಳಗಿದೆ ಎಂದದ್ದು, ಅವ್ವನಿಗೆ ನಿನಗಿಂತ ಅಂಜಿಕೆ ಎಂದದ್ದು. ಆಯಿ ಮಂಜಾದ ಕಣ್ಣುಗಳನ್ನು ನನ್ನ ಕಡೆ ತಿರುಗಿಸಿ ಕೇಳಿದಳು.

"ನಾ ಎಲ್ಲಿ ಹಂಗಂದೆ ಟೀಚರಮ್ಮ? ಹಂಗೂ ಆಗಬಹುದು ಅಂದೆ. ಸುಳ್ಳು ಹೇಳಾಕ ಬಾಯಿ ಬರ್ಲಿಲ್ಲ, ಖರೇ ಹೇಳಿದ ಮ್ಯಾಲ ಮುಂದೇನ್ ಹೇಳ್ಬೇಕು ತಿಳೀಲಿಲ್ಲ. ಹುಡುಕ್ಯಾಡಾಕತ್ತಿದ್ದೆ. ಅಷ್ಟ್ರಾಗ ನೀ ಬಂದಿ." ಸೆರಗಿನ ತುದಿಯನ್ನು ಬೆರಳಲ್ಲಿ ಹೊಸೆದಳು. "ಅವತ್ತಿಂದ ಅದೇ ಫಿಕರವ್ವಾ ನನಗ. ಕೂಸಿನ ಕಿವ್ಯಾಗ ಅಷ್ಟೇ ಹಾಕಿ ಎದ್ದು ಬಂದ್ನಲ್ಲಾ, ಅದನ್ನ ಕಟಗೊಂಡು ಏನಾತೋ ಅಂತ. ಉಂಡ ಕೂಳು ಮೈಗೆ ಹತ್ತಿಲ್ಲ."

ಒಳಗಿನಿಂದ ಮಕ್ಕಳ ನಗು ಕೇಳುತ್ತಿತ್ತು. ಆಯಿ ಆ ಕಡೆಗೇ ಕಿವಿ ಇಟ್ಟು ಕೂತಿದ್ದಳು. ಹೊರಡುವಾಗ ಶ್ರೀಜಾಳ ಎದೆಯ ಮೇಲೆ, ಫ್ರಾಕಿನ ಮೇಲಿಂದಲೇ, ಹೊಲಿಗೆ ಇರುವ ಜಾಗವನ್ನು ಒಂದು ಬೆರಳಿನಿಂದ ಮೇಲಿಂದ ಕೆಳಗೆ ಸವರಿದಳು. ಚಲೋ ಕೂಡ್ಯಾವ ಎಂದಳು.

ವಾಪಸ್ ಬರುವಾಗ ಬಸ್ಸು ಜುರಾಲಾ ಸೇತುವೆಯ ಮೇಲೆ ನಿಧಾನವಾಯಿತು. ಶ್ರೀಜಾ ಕಿಟಕಿಗೆ ಹಣೆ ಹಚ್ಚಿ ನೀರು ನೋಡುತ್ತಿದ್ದಳು. ಕೇಳಬಾರದು ಎಂದುಕೊಂಡೇ ಕೇಳಿದೆ. "ಶ್ರೀಜಾ, ಆಯಿ ಅವತ್ತು ನಿನಗ ಹಂಗ ಹೇಳೇ ಇಲ್ಲಂತಲ್ಲ?"

ಮಗಳು ಕಿಟಕಿಯಿಂದ ಮುಖ ತಿರುಗಿಸಲಿಲ್ಲ.

"ಹೇಳ್ತಿದ್ಲವ್ವಾ" ಎಂದಳು. "ನೀ ಒಂದೀಟು ತಡದಿದ್ರ ಹೇಳ್ತಿದ್ಲು."